ತಂಗಿ ಕೊಟ್ಟದ್ದು

ಸತ್ತಿ, ತಾ. ಅಥಣಿ
೧೪ ನವೆಂಬರ್ ೧೯೯೮

ಪ್ರೀತಿಯ ಗೌರಾ,

ನೀನು, ಜಯಪಾಲ ಅವರು, ಮಕ್ಕಳು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಾವೂ ಇದ್ದೇವೆ. ನಿನ್ನ ಪತ್ರ ದಸರೆಗೆ ಮೊದಲೇ ಕೈಸೇರಿತ್ತು. ಶಾಲೆಯ ಪರೀಕ್ಷೆ ಬಂತು, ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಬಂತು ಎಂದು ನೆವ ಹೇಳಬಹುದು. ನಿಜವೆಂದರೆ ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಹಾಳೆ ಹರಿದೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ.

ನಿನ್ನ ಮಗಳು ಕುಸುಮಳ ಸುದ್ದಿಯನ್ನು ಎರಡೆರಡು ಸಲ ಓದಿದೆ. ಇಪ್ಪತ್ತೈದಕ್ಕೇ ಮುಟ್ಟು ನಿಲ್ಲುವುದೆಂದರೇನು! ಅವಳ ತಂಗಿ ವನಮಾಲಾ ತನ್ನ ಅಂಡಾಣು ಕೊಡಲು ಮುಂದೆ ಬಂದಿದ್ದಾಳೆ, ನೀನು ಆ ದಾರಿಯಲ್ಲಿ ಹೋಗಿಬಂದವಳು, ಏನೇನಾಗುತ್ತದೆ ಮುಚ್ಚಿಡದೆ ಬರೆ ಎಂದು ಕೇಳಿದ್ದೀಯ. ನಮ್ಮ ನಾಲ್ವರ ಹೊರತು ಈ ವಿಷಯ ಗೊತ್ತಿರುವವಳು ನೀನೊಬ್ಬಳೇ. ನಿನಗೂ ಅರ್ಧವೇ ಗೊತ್ತು. ಬರೆಯುತ್ತೇನೆ. ಆದರೆ ಧೈರ್ಯ ತುಂಬುವ ಪತ್ರ ಇದಾಗುತ್ತದೆಂದು ಎದುರು ನೋಡಬೇಡ.

ನನಗೆ ಮುಟ್ಟು ನಿಂತದ್ದು ಮೂವತ್ತಾರಕ್ಕೆ. ಮಿರಜದ ಡಾಕ್ಟರು ಪುಣೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಯ ಡಾಕ್ಟರು ಹೆಂಗಸು, ಸಮಾಧಾನದ ಮಾತಿನವರು. ಗರ್ಭಕೋಶ ಚೆನ್ನಾಗಿದೆ, ಅಂಡಾಣು ಮಾತ್ರ ಮುಗಿದಿವೆ, ಇನ್ನೊಬ್ಬ ಹೆಂಗಸಿನದು ತೆಗೆದು ನಿಮ್ಮ ಗಂಡನ ವೀರ್ಯದೊಡನೆ ಗಾಜಿನ ತಟ್ಟೆಯಲ್ಲಿ ಕೂಡಿಸಿ ನಿಮ್ಮ ಹೊಟ್ಟೆಯಲ್ಲಿ ಇಡಬಹುದು ಎಂದರು. ಕೊಡುವವಳು ಮೂವತ್ತೈದರ ಒಳಗಿರಬೇಕು, ಹೆತ್ತವಳಾಗಿದ್ದರೆ ಒಳ್ಳೆಯದು. ಮೂರು ಜನಕ್ಕೆ ಮಾಡಿದರೆ ಒಬ್ಬರಿಗೆ ನಿಲ್ಲುತ್ತದೆ ಎಂದೂ ಹೇಳಿದರು. ಆ ಒಬ್ಬಳು ನಾನೇ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಕುಸುಮಳೂ ಹಾಗೇ ಮಾಡುತ್ತಾಳೆ, ನೋಡು.

ಕೇಳಲು ನನಗೆ ಇದ್ದವಳು ಕಾಳವ್ವ ಒಬ್ಬಳೇ. ನನಗಿಂತ ಎಂಟು ವರ್ಷ ಚಿಕ್ಕವಳು. ಅವ್ವ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಎಣ್ಣೆ ಹಚ್ಚಿ ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು. ರಾಯಬಾಗಕ್ಕೆ ಕೊಟ್ಟೆವು, ಎರಡು ಗಂಡು ಹೆತ್ತಳು. ಅವಳ ಮನೆಗೆ ಹೋಗಿ ಹೇಗೆ ಬಾಯಿ ತೆರೆಯಲಿ ಎಂದು ನಾನು ತಡವರಿಸುತ್ತಿದ್ದರೆ ಅವಳು ಹಿಟ್ಟು ನಾದುತ್ತಲೇ ಹೇಳಿದಳು: "ನನ್ನ ಕಡೆ ಅದಾವು, ನಿನ್ನ ಕಡೆ ಇಲ್ಲ. ಇದ್ರಾಗ ಇಷ್ಟ ಯಾಕ ಅಂಜತಿ ಅಕ್ಕಾ?"

ಅವಳ ಗಂಡ ಲಗಮಣ್ಣ ಅಷ್ಟು ಸಲೀಸಾಗಿ ಒಪ್ಪಲಿಲ್ಲ. "ಹುಟ್ಟಿದ ಮ್ಯಾಲ ನಾ ಅದಕ್ಕ ಏನಾಗಬೇಕ್ರಿ? ನನ್ನ ಮಕ್ಕಳಿಗೆ ಅದು ಏನಾಗಬೇಕು?" ಎಂದು ನಮ್ಮವರನ್ನು ಕೇಳಿದ. ಪುಣೆಯ ಡಾಕ್ಟರೂ ಅದನ್ನೇ ಬೇರೆ ಬಗೆಯಲ್ಲಿ ಹೇಳಿದ್ದರು: ಶುರು ಮಾಡುವ ಮೊದಲು ನಾಲ್ವರೂ ಕುಳಿತು ಮಾತಾಡಿ, ಕೂಸಿಗೆ ಏನು ಹೇಳುತ್ತೀರಿ, ಯಾರು ಏನೆಂದು ಕರೆಸಿಕೊಳ್ಳುತ್ತೀರಿ. ನಾನೂ ಕಾಳವ್ವನೂ ನಕ್ಕುಬಿಟ್ಟಿದ್ದೆವು. ಅಕ್ಕತಂಗಿಯರಲ್ಲಿ ಮಾತಾಡುವುದು ಏನಿರುತ್ತದೆ ಎಂದು. ಗೌರಾ, ನೀವು ನಗಬೇಡಿ. ಕುಳಿತು ಮಾತಾಡಿ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಮೊದಲು ಇಬ್ಬರ ತಿಂಗಳ ದಿನಗಳನ್ನೂ ಮಾತ್ರೆ ಕೊಟ್ಟು ಒಂದೇ ಲೆಕ್ಕಕ್ಕೆ ತರುತ್ತಾರೆ. ಆಮೇಲೆ ವನಮಾಲಾಳಿಗೆ ಹತ್ತು ಹನ್ನೆರಡು ದಿನ ದಿನವೂ ಇಂಜೆಕ್ಷನ್ ಇರುತ್ತದೆ, ಒಂದು ದಿನವೂ ತಪ್ಪುವ ಹಾಗಿಲ್ಲ. ಅಂಡಾಣು ಬೆಳೆದವೋ ಇಲ್ಲವೋ ಎಂದು ಸ್ಕ್ಯಾನ್ ಮಾಡುತ್ತಿರುತ್ತಾರೆ. ಬೆಳೆದ ಮೇಲೆ ಎಚ್ಚರ ತಪ್ಪಿಸಿ ಕೆಳಗಿನಿಂದ ಸೂಜಿ ಹಾಕಿ ತೆಗೆಯುತ್ತಾರೆ. ಅದು ಅರ್ಧ ತಾಸಿನ ಕೆಲಸ. ಮೂರನೆಯ ದಿನ ಕುಸುಮಳನ್ನು ಮಲಗಿಸಿ ತೆಳುವಾದ ನಳಿಗೆಯಿಂದ ಒಳಗೆ ಬಿಡುತ್ತಾರೆ. ಅದು ನೋಯುವುದಿಲ್ಲ. ನೋಯುವುದು ಆಮೇಲಿನ ಎಣ್ಣೆಯಂಥ ಇಂಜೆಕ್ಷನ್; ದಿನಾ ಸೊಂಟದ ಕೆಳಗೆ. ಚರ್ಮ ಗಂಟುಗಂಟಾಗಿ ಕೂರಲೂ ಆಗುವುದಿಲ್ಲ. ಗರ್ಭ ನಿಂತರೆ ಮೂರು ತಿಂಗಳು ಅದೇ.

ಗರ್ಭ ನಿಂತಿತೋ ಇಲ್ಲವೋ ಎಂದು ಹದಿನಾಲ್ಕು ದಿನ ಕಾಯುವುದಿದೆಯಲ್ಲ, ಅದರ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಕೆಮ್ಮಲು ಹೆದರಿಕೆ, ಬಗ್ಗಲು ಹೆದರಿಕೆ. ಮೊದಲ ಸಲ, ತೊಂಬತ್ತಾರರ ಫೆಬ್ರವರಿಯಲ್ಲಿ, ಹನ್ನೊಂದನೆಯ ದಿನಕ್ಕೇ ರಕ್ತ ಕಂಡಿತು. ಕಾಳವ್ವ ನನಗಿಂತ ಹೆಚ್ಚು ಅತ್ತಳು. ತಾನು ಕೊಟ್ಟದ್ದೇ ಚಲೋ ಇರಲಿಲ್ಲವೇನೋ ಎಂದು ಹಲುಬಿದಳು. ಅದೇ ವರ್ಷದ ಆಗಸ್ಟಿಗೆ ಅವಳೇ ಹಟ ಹಿಡಿದು ಇನ್ನೊಂದು ಸಲ ಬಂದಳು. ಆ ಸಲ ಇಂಜೆಕ್ಷನ್ನಿಗೆ ಅವಳ ಹೊಟ್ಟೆಯಲ್ಲಿ ನೀರು ತುಂಬಿತು. ಉಸಿರಾಡಲು ಒದ್ದಾಡುತ್ತ ಐದು ದಿನ ಆಸ್ಪತ್ರೆಯಲ್ಲಿ ಮಲಗಿದಳು. ನಾನು ಪಕ್ಕದ ಮಂಚದಲ್ಲಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದೆ. ಹೀಗೆ ಎಲ್ಲರಿಗೂ ಆಗುವುದಿಲ್ಲ ಎಂದರು ಡಾಕ್ಟರು. ಲಗಮಣ್ಣ ಬಂದು ಬಾಗಿಲಲ್ಲಿ ನಿಂತು, "ಸಾಕ್ರಿ ಅಕ್ಕಾರ. ನನ್ನ ಮಕ್ಕಳಿಗೂ ತಾಯಿ ಬೇಕು" ಎಂದ. ಅಷ್ಟೇ ಹೇಳಿದ.

ಆ ಸಲ ನಿಂತಿತು.

ಪುಣೆಗೆ ಹೋದದ್ದು ಹೊಟ್ಟೆಯ ಗಡ್ಡೆಗೆ ಎಂದು ಮನೆಯಲ್ಲಿ ಹೇಳಿದ್ದೆವು. ಅತ್ತೆ ಲಕ್ಕವ್ವ ಓಣಿ ತುಂಬ, "ನನ್ನ ಮಗ ಮುರಗೆಪ್ಪನ ಮನ್ಯಾಗ ಈಗ ಬೆಳಕ ಬಂತು. ಸೊಸಿ ಚನ್ನವ್ವನ ಮಾರಿ ನೋಡ್ರಿ, ಅಕಿ ಹಂಗ ಹೆಣ್ಣ ಹುಟ್ಟತೈತಿ" ಎಂದು ಹೇಳಿಕೊಂಡು ತಿರುಗಿದರು. ಅವರು ಹಾಗೆಂದಾಗಲೆಲ್ಲ ನಾನು ಒಳಗೆ ಹೋಗುತ್ತಿದ್ದೆ.

ಕಾಳವ್ವ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಳು. ಬಂದವಳೇ ನನ್ನನ್ನು ಕೇಳದೆ ಹೊಟ್ಟೆಯ ಮೇಲೆ ಕೈಯಿಡುತ್ತಿದ್ದಳು. ಒಮ್ಮೆ ಬಾಗಿ, "ಏನವಾ, ಆರಾಮ ಅದಿಯೇನ?" ಎಂದು ಕೂಸನ್ನೇ ಮಾತಾಡಿಸಿದಳು. ಅದು ಒಳಗೆ ಮಿಸುಕಿತು. "ನೋಡ ಅಕ್ಕಾ, ನನ್ನ ದನಿ ಗುರ್ತ ಹಿಡೀತು" ಎಂದು ನಕ್ಕಳು. ಅದು ಮಿಸುಕಿದ್ದು ಅದೇ ಮೊದಲು. ನಾನು ಸೆರಗು ಎಳೆದುಕೊಂಡೆ. ಆಮೇಲೆ, ಹೊಟ್ಟಿ ಯಾರೂ ಮುಟ್ಟಬಾರದು ಅಂತ ಡಾಕ್ಟರು ಅಂದಾರ ಎಂದು ಸುಳ್ಳು ಹೇಳಿದೆ. ಅವಳು ನಂಬಿದಳು.

ತೊಂಬತ್ತೇಳರ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಒಮ್ಮೆಲೇ ಗರ್ಭದ ನೀರು ಹೋಯಿತು. ಐದೂವರೆ ತಿಂಗಳು. ಜೀಪಿನಲ್ಲಿ ಕಾಗವಾಡ ದಾಟಿ ಮಿರಜ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಂತೆಯೇ ಇತ್ತು. ಹೆಣ್ಣು. ಅಳಲಿಲ್ಲ. ಗರ್ಭಕೋಶದ ಬಾಯಿ ಸಡಿಲಾಗಿತ್ತು, ಯಾರದೂ ತಪ್ಪಲ್ಲ ಎಂದರು ಡಾಕ್ಟರು. ಯಾರದಾದರೂ ತಪ್ಪಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ನಮ್ಮವರು ಕೂಸನ್ನು ಊರಿಗೆ ತಂದು ಹೊಳೆಯ ಕಡೆಯ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಆ ಜಾಗವನ್ನು ನನಗೆ ತೋರಿಸಿಲ್ಲ. ನಾನೂ ಕೇಳಿಲ್ಲ. ಎರಡು ವರ್ಷದಿಂದ ನಾವಿಬ್ಬರೂ ಮಾತಾಡುವುದು ಕಬ್ಬು, ದ್ರಾಕ್ಷಿ, ಶಾಲೆ ಇಷ್ಟೇ. ಮತ್ತೊಮ್ಮೆ ಪುಣೆಗೆ ಹೋಗೋಣ ಎಂದು ಇವರು ಅನ್ನಲಿಲ್ಲ. ಅನ್ನಲೆಂದು ನಾನು ಕಾಯಲೂ ಇಲ್ಲ.

ಕುಸುಮಳಿಗೆ ಬೇಡವೆನ್ನಲು ನಾನು ಯಾರು? ಅವಳಿಗೆ ವಯಸ್ಸಿದೆ, ನನಗೆ ಆದದ್ದು ಅವಳಿಗೂ ಆಗಬೇಕೆಂದಿಲ್ಲ. ಹೋಗಲಿ. ಆದರೆ ಬೆನ್ನು ತಟ್ಟಿ ಕಳಿಸಲು ನನ್ನಿಂದ ಆಗುವುದಿಲ್ಲ.

ಇಬ್ಬರು ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಅವರ ಒಡಲು ತಣ್ಣಗಿರಲಿ. ಜಯಪಾಲ ಅವರಿಗೆ ನಮಸ್ಕಾರ.

ನಿನ್ನ
ಚನ್ನವ್ವ

ತಾ.ಕ.: ಕಾಳವ್ವ ಹೇಗಿದ್ದಾಳೆ ಎಂದು ನೀನು ಕೇಳಿದ್ದೆ. ಅದಕ್ಕೆ ಉತ್ತರ ಕೊಡದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹೇಗಿದ್ದಾಳೋ ನನಗೆ ಗೊತ್ತಿಲ್ಲ. ಆ ದಿನ ಸುದ್ದಿ ತಿಳಿದು ಮಧ್ಯಾಹ್ನದ ರೈಲಿಗೆ ರಾಯಬಾಗದಿಂದ ಮಿರಜಕ್ಕೆ ಓಡಿಬಂದಳು. ಕೂಸು ಇನ್ನೂ ಪಕ್ಕದ ಕೋಣೆಯಲ್ಲಿತ್ತು. ತಂಗಿಗೆ ತೋರಿಸಲೇ ಎಂದು ಸಿಸ್ಟರ್ ನನ್ನನ್ನು ಕೇಳಿದರು. ಬೇಡ ಎಂದೆ. ಕಾಳವ್ವ ನನ್ನ ಮಂಚದ ಬಳಿ ಕುಳಿತು ಒಂದೇ ಮಾತು ಕೇಳಿದಳು. "ಅಕ್ಕಾ, ಯಾರಂಗ ಇತ್ತು?" ನಾನು, "ನಾ ನೋಡಲಿಲ್ಲವ್ವಾ. ಬಟ್ಟಿ ಸುತ್ತಿ ಒಯ್ದರು" ಎಂದೆ. ಹೊರಗೆ ಹೋದಾಗ ಸಿಸ್ಟರ್ ಅವಳಿಗೆ ಸಮಾಧಾನ ಹೇಳುತ್ತ, ನಿಮ್ಮಕ್ಕ ಒಂದು ತಾಸು ಕೂಸನ್ನು ಎದೆಯ ಮೇಲಿಂದ ಕೊಡಲೇ ಇಲ್ಲ ಎಂದಿದ್ದಾರೆ. ಅವಳು ಒಳಗೆ ಬರಲಿಲ್ಲ. ಸಂಜೆಯ ರೈಲಿಗೆ ತಿರುಗಿ ಹೋದಳು. ಅಂದಿನಿಂದ ಬಂದಿಲ್ಲ, ನಾನು ಬರೆದ ಪತ್ರಗಳಿಗೆ ಉತ್ತರವೂ ಇಲ್ಲ. ಆ ಒಂದು ತಾಸು ನಾನು ನೋಡಿದ್ದು ಅದರ ಕಾಲನ್ನು. ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಿತ್ತು. ಅವ್ವನಿಗೆ ಹಾಗಿತ್ತು, ಕಾಳವ್ವನಿಗೆ ಹಾಗಿದೆ. ನನ್ನ ಕಾಲಿಗಿಲ್ಲ.