ಕಿಟಕಿಯ ಜಾಗಕ್ಕೆ ಸ್ಟೇಟಸ್ ಕೋ

ಲಾಯರಮ್ಮ,

ಹೊಲಿದ ಬಟ್ಟೆಗಳನ್ನು ಕೊಟ್ಟು ಬರಲು ಹೊರಟಿದ್ದೇನೆ. ಹಾಲು ಕಾಯಿಸಿಲ್ಲ, ಎದ್ದ ತಕ್ಷಣ ಒಲೆಗಿಡು.

ಕಿಟಕಿಯ ಹತ್ತಿರ ನನ್ನ ಹೊಲಿಗೆ ಮಿಷಿನ್ನೋ ನಿನ್ನ ಮೇಜೋ ಎಂದು ನಿನ್ನೆ ಜಗಳ ಹತ್ತಿದಾಗ ನನ್ನ ಮಗ, "ಅತ್ತೆ ಸೊಸೆ ಮಧ್ಯೆ ನಾನು ಬರಲ್ಲಪ್ಪ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ನೀನು, "ತೀರ್ಮಾನ ಆಗೋವರೆಗೂ ಸ್ಟೇಟಸ್ ಕೋ, ಅತ್ತೆ" ಎಂದೆ. ಹಾಗೆಂದರೇನೇ ಎಂದು ಕೇಳಿದ್ದಕ್ಕೆ, "ಲ್ಯಾಟಿನ್ ಮಾತು. ಇದ್ದದ್ದು ಇದ್ದ ಹಾಗೇ ಇರಬೇಕು, ಯಾರೂ ಏನೂ ಕದಲಿಸಬಾರದು. ಕೋರ್ಟಲ್ಲೂ ಹೀಗೇ ಹೇಳ್ತಾರೆ" ಎಂದೆ.

ಒಳ್ಳೆಯ ಮಾತೇ. ಸಿಟ್ಟು ಇಳಿಯುವವರೆಗೆ ಇಬ್ಬರನ್ನೂ ಕೈಕಟ್ಟಿ ಕೂರಿಸುತ್ತದೆ. ಆದರೆ ಕಂಡಕಂಡಲ್ಲಿ ಬಳಸಬೇಡ. ಮಡಿಸದೆ ಬಿಟ್ಟ ನಿನ್ನ ಹಾಸಿಗೆ ಸ್ಟೇಟಸ್ ಕೋ ಅಲ್ಲ, ಸೋಮಾರಿತನ. ಮಡಿಸು.

ಸಂಜೆ ನಿನ್ನ ಮೊಟ್ಟಮೊದಲ ಕಕ್ಷಿದಾರರು ಬರುತ್ತಾರೆ. ಅವರನ್ನು ನಿನ್ನ ಮೇಜಿದ್ದ ಅಡುಗೆಮನೆಯಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕ ಕೂರಿಸಿದರೆ ಯಾರ ಮರ್ಯಾದೆ ಹೋಗುತ್ತದೆ? ಅದಕ್ಕೇ ನೀನು ಗೊರಕೆ ಹೊಡೆಯುವಾಗಲೇ ಮಿಷಿನ್ನನ್ನು ಗೋಡೆಗೆ ಸರಿಸಿ, ನಿನ್ನ ಮೇಜನ್ನು ಕಿಟಕಿಗೆ ಹಾಕಿದ್ದೇನೆ. ಅದರ ಒಂದು ಕಾಲು ಅಲ್ಲಾಡುತ್ತಿತ್ತು. ಬಟ್ಟೆಯ ಚೂರು ಮಡಿಸಿ ಅಡಿಯಲ್ಲಿಟ್ಟಿದ್ದೇನೆ, ಕಸವೆಂದು ತೆಗೆಯಬೇಡ. ಗೋಡೆಯ ಕಡೆ ನನ್ನ ಕಣ್ಣಿಗೆ ಬೆಳಕು ಸಾಲದು. ದಿನಾ ಕೋರ್ಟಿಗೆ ಹೊರಡುವ ಮುಂಚೆ ಸೂಜಿಗೆ ದಾರ ಪೋಣಿಸಿಟ್ಟು ಹೋಗು.

ಆಜ್ಞೆ ಮೀರಿದ್ದು ನಾನೇ, ಒಪ್ಪಿದೆ. ಬೈಯುವುದಿದ್ದರೆ ಅವರು ಹೋದ ಮೇಲೆ ಬೈಯಿ. ಅವರೆದುರು ಮಾತ್ರ ಕೇಸು ಗೆದ್ದವಳ ಹಾಗೆ ಕೂತಿರು. ಹೇಗೂ ಗೆದ್ದಿದ್ದೀಯಲ್ಲ.

ಅತ್ತೆ