ಬೇಡ ಅಂತಾಳೆ, ಕೇಳ್ಬೇಡ

ಬುಕಿತ್ ಪಂಜಾಂಗ್
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಇಂದು,

ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆದು, ಹೊಡೆದುಹಾಕಿ, ಹೊಸ ಹಾಳೆ ತಗೊಂಡಿದ್ದೇನೆ. ಹಾಳೆ ಹಾಳಾದರೆ ಆಗಲಿ, ಮೊದಲ ಸಾಲೇ ಸುಳ್ಳಾಗುವುದು ಬೇಡ.

ವಾಟ್ಸ್ಯಾಪಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ. ಇಪ್ಪತ್ತೇಳು ವರ್ಷದ ಗೆಳತಿ, ಒಂದೇ ಟಿಕ್ಕಿನಲ್ಲಿ ನಿಂತುಬಿಟ್ಟಿದ್ದೇನೆ. ಅದಕ್ಕೇ ಈ ಪತ್ರ. ಮಧ್ಯಾಹ್ನ ವುಡ್‌ಲ್ಯಾಂಡ್ಸಿಗೆ ಬಂದು ನಿಮ್ಮ ಬಾಗಿಲ ಕೆಳಗೆ ತೂರಿಸಿ, ಬೆಲ್ ಒತ್ತದೆ ಹೋಗುತ್ತೇನೆ. ಬ್ಲಾಕ್ ಮಾಡಿದವಳ ಬ್ಲಾಕಿಗೇ ಬರುವವಳು ಅಂದರೆ ನಾನೊಬ್ಬಳೇ ಇರಬೇಕು. ನಗಬೇಡ, ನಾನೂ ನಗುತ್ತಿಲ್ಲ. ಕೈ ತಾನಾಗಿ ಹೀಗೆ ಬರೆಯುತ್ತೆ. ಹಾಸ್ಟೆಲಿನ ಗೋಡೆಪತ್ರಿಕೆಯ ಕಾಲದಿಂದ ಅಂಟಿದ ರೋಗ, ನಿನಗೆ ಗೊತ್ತಲ್ಲ.

ವಿಷಯಕ್ಕೆ ಬರುತ್ತೇನೆ. ಯೂನಿವರ್ಸಿಟಿಯ ಶಿಸ್ತು ಸಮಿತಿಯ ತೀರ್ಪು ನಿಮ್ಮ ಮನೆಗೂ ಬಂದಿರಬೇಕು. ನಿನ್ನ ಮಗ ಮಯಂಕ್ ಮೇಲೆ ನನ್ನ ಮಗಳು ಅದ್ವಿಕಾ ಕೊಟ್ಟ ದೂರಿಗೆ ಸಾಕಷ್ಟು ಆಧಾರವಿಲ್ಲವಂತೆ. ಅಪೀಲಿಗೆ ನಾಳೆ ಸಂಜೆ ಐದು ಗಂಟೆಯವರೆಗೆ ಸಮಯ, ಅದೂ ಹೊಸ ಸಾಕ್ಷಿ ಇದ್ದರೆ ಮಾತ್ರ. ಆ ಹೊಸ ಸಾಕ್ಷಿ ಇಡೀ ಸಿಂಗಪುರದಲ್ಲಿ ನೀನೊಬ್ಬಳೇ ಕಣೇ. ಇಂದು, ನಾಳೆಯೊಳಗೆ ನನಗೆ ನಾಲ್ಕು ಸಾಲು ಬರೆದುಕೊಡು.

ಬ್ಲಾಕ್ ಮಾಡುವ ಮೊದಲು ನೀನು ಕಳಿಸಿದ ಮೆಸೇಜು ನನಗೆ ಬಾಯಿಪಾಠ. ಮುಗೀತಲ್ಲ ಜಯಾ, ಇಬ್ಬರೂ ಮಕ್ಕಳೇ, ಒಂದೆರಡು ಗ್ಲಾಸ್ ಜಾಸ್ತಿಯಾಗಿ ಏನೋ ಆಗಿಹೋಯ್ತು, ಅವನ ಇಂಟರ್ನ್‌ಶಿಪ್ ಬೇರೆ ಕನ್ಫರ್ಮ್ ಆಗಿದೆ, ಇನ್ನು ಬಿಟ್ಟುಬಿಡೋಣ ಅಂದಿದ್ದೆ. ಏನೋ ಆಗಿಹೋಯ್ತು. ಹಾಲು ಉಕ್ಕಿತು, ಕರೆಂಟು ಹೋಯಿತು ಅನ್ನುವ ಹಾಗೆ. ಕನ್ನಡ ಎಂ.ಎ. ಓದಿದ್ದು ವ್ಯರ್ಥವಾಗಲಿಲ್ಲ ಬಿಡು, ಮಾಡಿದವನನ್ನು ವಾಕ್ಯದಿಂದಲೇ ಎಷ್ಟು ಚೆನ್ನಾಗಿ ಹೊರಗೆ ಕಳಿಸಿದ್ದೀಯ.

ಈಗ ಆಗಸ್ಟ್ ಒಂಬತ್ತನ್ನು ಬರೆಯುತ್ತೇನೆ. ನೀನು ಮರೆತಿದ್ದೀಯ ಅಂತಲ್ಲ. ಮರೆತೆ ಅಂತ ಹೇಳುವುದು ನಿನಗೆ ಸುಲಭ ಆಗಬಾರದು, ಅದಕ್ಕೆ.

ನ್ಯಾಷನಲ್ ಡೇ ರಜೆ. ಎಲ್ಲರಿಗೂ ಬಿಡುವು ಅಂತ ನಾನು ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆ. ಅದ್ವಿಕಾಳ ಹಾಲ್‌ನಲ್ಲಿ, ಅದೇ, ಇಲ್ಲಿನವರು ಹಾಸ್ಟೆಲಿಗೆ ಹಾಲ್ ಅಂತಾರಲ್ಲ, ಅಲ್ಲಿ ಮಧ್ಯಾಹ್ನದಿಂದಲೇ ಪಾರ್ಟಿ. ಅವಳು ಎರಡನೆಯ ವರ್ಷಕ್ಕೆ ಆ ಹಾಲನ್ನೇ ಸೇರಿದ್ದು ಮಯಂಕ್ ಅಲ್ಲಿದ್ದಾನೆ ಅಂತ. ಅವಳಲ್ಲ, ನಾವಿಬ್ಬರೂ ಸೇರಿಸಿದ್ದು. ಹಾಲಿನಂಥ ಹುಡುಗ ಇರುವ ಹಾಲ್ ಅಂತ ನಾನು ಜೋಕ್ ಮಾಡಿದ್ದೆ, ನೀನು ಹೆಮ್ಮೆಯಿಂದ ತಲೆ ಬಗ್ಗಿಸಿದ್ದೆ.

ಸಂಜೆ ಐದೂಮುಕ್ಕಾಲು. ಇನ್ನೂ ಬಿಸಿಲಿತ್ತು. ನಮ್ಮ ಅಡುಗೆಮನೆಯಲ್ಲಿ ನೀನು ಪ್ರಸಾದದ ಸಜ್ಜಿಗೆ ತಿರುವುತ್ತಿದ್ದೆ, ನಾನು ತುಪ್ಪ ಹೊಯ್ಯುತ್ತಿದ್ದೆ. ಹೊರಗೆ ಪುರೋಹಿತರು, ಇಪ್ಪತ್ತೈದು ಜನ, ಕಲಶದ ಮುಂದೆ ನಮ್ಮ ಯಜಮಾನರು ಅನಂತರಾಮ್. ಫೋನ್ ಬಂತು. ನನ್ನ ಕೈ ಜಿಡ್ಡಾಗಿತ್ತು ಅಂತ ನೀನೇ ಒತ್ತಿ ಸ್ಪೀಕರಿಗೆ ಹಾಕಿದೆ. ಅದ್ವಿಕಾ. ಅಮ್ಮ, ತಲೆ ಸುತ್ತುತ್ತಿದೆ, ಮನೆಗೆ ಬರ್ತೀನಿ, ನನ್ನ ಗ್ರ್ಯಾಬ್ ಆ್ಯಪ್ ಹ್ಯಾಂಗ್ ಆಗಿದೆ, ನೀನೇ ಒಂದು ಕಾರು ಬುಕ್ ಮಾಡು ಅಂದಳು. ಕುಡಿದಿದ್ದೀಯಾ ಅಂದೆ. ಎರಡು ಕಪ್ ಅಂದಳು. ಈ ಸ್ಥಿತೀಲಿ ಪೂಜೆಗೆ ಬಂದು ಎಲ್ಲರ ಮುಂದೆ ವಾಲಾಡ್ತೀಯಾ, ಸತ್ಯನಾರಾಯಣನ ಮನೆಗೆ ಮದ್ಯನಾರಾಯಣಿ ಬಂದ್ಲು ಅಂತಾರೆ ಅಂದೆ. ನೀನು ಸೌಟು ಬಿಟ್ಟು ನಕ್ಕೆ. ಆಮೇಲೆ ನೀನು, ನಮ್ಮ ಮಯಂಕ್ ಇದಾನಲ್ಲ, ಅವನ ರೂಮಲ್ಲಿ ಒಂದು ಗಂಟೆ ಮಲಗಲಿ, ಪೂಜೆ ಮುಗಿದ ಮೇಲೆ ಕರ್ಕೊಂಡು ಬರೋಣ ಅಂದೆ.

ಅದಕ್ಕೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಮಯಂಕ್ ಜೊತೆ ಬೇಡಮ್ಮ, ಅವನು ಆಗಿನಿಂದ ಬಿಡ್ತಾನೇ ಇಲ್ಲ, ಪ್ಲೀಸ್ ಕಾರ್ ಬುಕ್ ಮಾಡು.

ಹದಿನೈದು ನಿಮಿಷದ ದಾರಿ. ಈ ಊರಿನಲ್ಲಿ ಯಾವ ಟ್ಯಾಕ್ಸಿಯವನೂ ಅವಳ ಮುಖ ಕೂಡ ನೋಡದೆ ಮನೆ ಬಾಗಿಲಿಗೆ ತಂದು ಬಿಡುತ್ತಿದ್ದ. ನಾವು ಗುರುತಿಲ್ಲದ ಡ್ರೈವರಿಗೆ ಹೆದರಿದೆವು, ಗುರುತಿನ ಹುಡುಗನ ಕೈಗೆ ಕೊಟ್ಟೆವು. ಫೋನ್ ಇಟ್ಟು ನಾನು ಮಯಂಕ್‌ಗೆ ವಾಯ್ಸ್ ನೋಟ್ ಕಳಿಸಿದೆ, ನೀನು ಪಕ್ಕದಲ್ಲೇ ಇದ್ದೆ. ಪುಟ್ಟಾ, ಅದ್ವಿಕಾನ ನಿನ್ನ ರೂಮಿಗೆ ಕರ್ಕೊಂಡು ಹೋಗಿ ಮಲಗಿಸು, ಬೇಡ ಅಂತಾಳೆ, ಕೇಳ್ಬೇಡ. ಒಂಬತ್ತು ಸೆಕೆಂಡು.

ಅವನು ಅದನ್ನು ಅವಳಿಗೆ ಕೇಳಿಸಿದನಂತೆ. ನೋಡು, ಆಂಟೀನೇ ಹೇಳಿದಾರೆ ಅಂದನಂತೆ. ಅವಳು ಎದ್ದು ಅವನ ಜೊತೆ ಹೋದಳು. ಆಮೇಲಿನದನ್ನು ಬರೆಯುವುದಿಲ್ಲ. ಅದ್ವಿಕಾ ಸಮಿತಿಯ ಮುಂದೆ ಮೂರು ಸಲ ಹೇಳಿದ್ದಾಳೆ. ಬೇಡ ಅಂದೆ, ಆಮೇಲೂ ಅಂದೆ, ಆಮೇಲೆ ಅನ್ನುವುದನ್ನು ನಿಲ್ಲಿಸಿದೆ ಅಂತ.

ವಿಚಾರಣೆಯಲ್ಲಿ ಮಯಂಕ್ ಕೊಟ್ಟ ಮೊದಲ ದಾಖಲೆ ಯಾವುದು ಗೊತ್ತಾ? ನನ್ನ ಧ್ವನಿ. ಸರ್ಟಿಫೈಡ್ ಅನುವಾದಕರಿಂದ ಇಂಗ್ಲಿಷಿಗೆ ಇಳಿಸಿಕೊಂಡು ಬಂದಿದ್ದ. ಐದು ಜನ ಸದಸ್ಯರು ಹಾಳೆ ತಿರುವಿ ಓದಿದರು. ಒಬ್ಬಳು ಚೀನೀ ಹೆಂಗಸು, ನನ್ನ ವಯಸ್ಸಿನವಳೇ, ಓದಿ ಮುಗಿಸಿ ನನ್ನನ್ನು ನೋಡಿದಳು. ಅದು ಉಪಚಾರದ ಮಾತು ಮೇಡಂ, ನಮ್ಮಲ್ಲಿ ಹಾಗೇ ಅಂತ ವಿವರಿಸಬೇಕು ಅನ್ನಿಸಿತು. ಹೇಗೆ ವಿವರಿಸಲಿ? ನಮ್ಮ ಮನೆಗಳಲ್ಲಿ ಬೇಡ ಅನ್ನುವುದು ಮಾತೇ ಅಲ್ಲವಲ್ಲ ಇಂದು, ಅದು ಊಟದ ಒಂದು ಐಟಮ್ಮು. ಬೇಡ ಅಂದವರಿಗೆ ಇನ್ನೊಂದು ಹೋಳಿಗೆ, ಸಾಕು ಅಂದವರಿಗೆ ಎರಡು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ. ಮಯಂಕ್ ಐದು ವರ್ಷದವನಿದ್ದಾಗಿನಿಂದ ನಮ್ಮ ಮನೆಯಲ್ಲಿ ಉಂಡವನು. ನಾನೇ ಬಡಿಸಿದವಳು.

ಹಾಲ್ ಸೇರುವ ಮೊದಲು ಒಪ್ಪಿಗೆ ಎಂದರೇನು ಅಂತ ಆನ್‌ಲೈನ್ ಪಾಠ ಓದಿ, ಪರೀಕ್ಷೆ ಪಾಸ್ ಮಾಡಬೇಕಂತೆ. ಮಯಂಕ್‌ಗೆ ಇಪ್ಪತ್ತಕ್ಕೆ ಇಪ್ಪತ್ತು, ಸರ್ಟಿಫಿಕೇಟನ್ನೂ ಲಗತ್ತಿಸಿದ್ದ. ಆಧಾರವಿಲ್ಲದಿದ್ದರೂ ಮುನ್ನೆಚ್ಚರಿಕೆಗೆ ಇರಲಿ ಅಂತ ಸಮಿತಿ ಅವನಿಗೆ ಹೇಳಿರುವುದು ಎರಡೇ. ಬೇರೆ ಬ್ಲಾಕಿಗೆ ಹೋಗಬೇಕು, ಅದೇ ಪಾಠವನ್ನು ಇನ್ನೊಮ್ಮೆ ಓದಬೇಕು. ಈ ಸಲ ಇಪ್ಪತ್ತೊಂದು ತಗೊಳ್ಳುತ್ತಾನೆ. ಸಮಿತಿಗೂ ಒಂದು ಮಿತಿ ಇರಬೇಕು ಅಂತ ಅನಂತರಾಮ್‌ಗೆ ಅಂದೆ. ಸೆಲೆಟಾರ್ ಏರ್‌ಪೋರ್ಟಿನಲ್ಲಿ ವಿಮಾನದ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಪರೀಕ್ಷಿಸುವ ಮನುಷ್ಯ, ಆವತ್ತು ಮನೆಯೊಳಗೆ ಯಾವುದು ಸಡಿಲವಾಯಿತು ಅಂತ ಮೂರು ತಿಂಗಳಿಂದ ಹುಡುಕುತ್ತಿದ್ದಾರೆ.

ಅದ್ವಿಕಾ ಸೆಮಿಸ್ಟರ್ ಬಿಟ್ಟು ಮನೆಯಲ್ಲಿದ್ದಾಳೆ. ನಿನ್ನ ಕಣ್ಣಿಗೆ ಬಿದ್ದರೆ ಚೆನ್ನಾಗೇ ಇದ್ದಾಳೆ ಅನ್ನಿಸುತ್ತೆ. ಸ್ನಾನ ಮಾಡುತ್ತಾಳೆ, ಬಟ್ಟೆ ಮಡಿಸುತ್ತಾಳೆ, ಎಲ್‌ಆರ್‌ಟಿ ರೈಲು ಹತ್ತಿ ಬುಕಿತ್ ಪಂಜಾಂಗ್ ಇಡೀ ಒಂದು ಸುತ್ತು ಹಾಕಿ, ಹತ್ತಿದ ಸ್ಟೇಷನ್ನಿನಲ್ಲೇ ಇಳಿದು ಮನೆಗೆ ಬರುತ್ತಾಳೆ. ನನ್ನ ಜೊತೆ ಕನ್ನಡ ನಿಲ್ಲಿಸಿದ್ದಾಳೆ. ಊಟ ಮಾಡ್ತೀಯಾ ಅಂದರೆ ಇಲ್ಲಿನವರ ಇಂಗ್ಲಿಷಿನಲ್ಲಿ ಕ್ಯಾನ್ ಅಂತಾಳೆ. ಇನ್ನು ಸ್ವಲ್ಪ ಹಾಕ್ಲಾ ಅಂದರೆ ಕ್ಯಾನಾಟ್ ಲಾ ಅಂತಾಳೆ. ನಾನು ಸೌಟನ್ನು ಪಾತ್ರೆಗೆ ವಾಪಸ್ ಇಡುತ್ತೇನೆ. ಕಲಿತುಬಿಟ್ಟೆ ನೋಡು, ಐವತ್ತನೆಯ ವರ್ಷಕ್ಕೆ. ಪೊಲೀಸರ ಹತ್ತಿರ ಹೋಗೋಣ ಅಂದರೆ, ಮತ್ತೆ ಮೊದಲಿಂದ ಹೇಳಬೇಕಾ ಅಂತ ಕೇಳುತ್ತಾಳೆ. ಹೌದು ಅಂದೆ. ಹಾಗಾದರೆ ಬೇಡ ಅಂದಳು. ಆ ಒಂದು ಬೇಡವನ್ನಾದರೂ ಕೇಳೋಣ ಅಂತ ಸುಮ್ಮನಾದೆ. ಸರಿ ಮಾಡಿದೆನೋ ಇಲ್ಲವೋ ಗೊತ್ತಿಲ್ಲ.

ತೀರ್ಪು ನಿಂತಿರುವುದು ಒಂದೇ ಮಾತಿನ ಮೇಲೆ. ಮಯಂಕ್ ಹೇಳುವುದು, ಅವಳು ತಾನಾಗಿ ಬಂದಳು, ಮನೆಯವರೇ ಕಳಿಸಿದರು, ಅವಳಿಗೆ ಇಷ್ಟವಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತ. ಅವಳು ಹೇಳುವುದು, ನನಗೆ ಅವನ ಜೊತೆ ಬೇಡ ಅಂತ ಮೊದಲೇ ಹೇಳಿದ್ದೆ, ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ, ಅವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ ಅಂತ. ಫೋನಿನ ಆ ಕಡೆ ಅವನು. ಈ ಕಡೆ ನಾವಿಬ್ಬರು. ನನ್ನ ಮಾತು ನಡೆಯುವುದಿಲ್ಲ. ಹೆತ್ತವಳು ಮಗಳ ಪರ ಹೇಳದೆ ಇನ್ನೇನು ಹೇಳುತ್ತಾಳೆ ಅಂದುಬಿಡುತ್ತಾರೆ. ನಿನ್ನ ಮಾತು ಹಾಗಲ್ಲ. ಹುಡುಗನ ತಾಯಿಯೇ ಬರೆದಳು ಅಂದರೆ ಅದನ್ನು ಯಾರೂ ಪಕ್ಕಕ್ಕಿಡಲಾರರು.

ನಾಲ್ಕೇ ಸಾಲು. ಆಗಸ್ಟ್ ಒಂಬತ್ತರ ಸಂಜೆ ನಾನು ಜಯಾ ಮನೆಯಲ್ಲಿದ್ದೆ. ಫೋನ್ ಸ್ಪೀಕರಿನಲ್ಲಿತ್ತು. ಮಯಂಕ್ ಜೊತೆ ಬೇಡ ಅಂತ ಅದ್ವಿಕಾ ಹೇಳಿದ್ದನ್ನು ಕೇಳಿದೆ. ಕೆಳಗೆ ಇಂದು ಮಹಾಬಲೇಶ್ವರ ಅಂತ ಸಹಿ. ಅವನು ಕೆಟ್ಟವನು ಅಂತ ಬರೆಯಬೇಡ, ನನ್ನ ಪರವಾಗಿ ಏನೂ ಬರೆಯಬೇಡ. ಕೇಳಿದ್ದನ್ನು ಕೇಳಿದೆ ಅನ್ನು, ಸಾಕು.

ನೀನು ಬರೆಯುವುದಿಲ್ಲ ಅಂತ ನನಗೆ ಗೊತ್ತು ಕಣೇ. ಈ ಪತ್ರವನ್ನು ನಿಂತಲ್ಲೇ ಓದಿ, ಮಹಾಬಲೇಶ್ವರ ಅವರು ಆಫೀಸಿನಿಂದ ಬರುವುದರೊಳಗೆ ಚೂರು ಮಾಡಿ ಗೋಡೆಯ ಕಸದ ಕೊಳವೆಯ ಬಾಯಿಗೆ ಹಾಕುತ್ತೀಯ. ಮಗ ಕಣೇ, ಒಬ್ಬನೇ ಮಗ. ನಿನ್ನ ಜಾಗದಲ್ಲಿ ನಾನಿದ್ದರೆ ಬರೆಯುತ್ತಿದ್ದೆನಾ ಅಂತ ನಿನ್ನೆಯೆಲ್ಲ ಯೋಚಿಸಿದೆ. ಉತ್ತರ ಹೊಳೆದ ಕೂಡಲೇ ಎದ್ದು ಪಾತ್ರೆ ತೊಳೆಯಲು ಹೋದೆ. ಆದರೂ ಬರೆಯುತ್ತಿದ್ದೇನೆ. ನಾಳೆ ಐದು ಗಂಟೆ ಆದಮೇಲೆ, ಅಮ್ಮ ಏನಾದರೂ ಮಾಡಿದೆಯಾ ಅಂತ ಅವಳು ಕೇಳಿದರೆ, ಒಂದು ಪತ್ರ ಬರೆದೆ ಅಂತಾದರೂ ಹೇಳಬಹುದು. ಜಯಾ ಅಂತ ಹೆಸರಿಟ್ಟುಕೊಂಡವಳು ಇಷ್ಟಕ್ಕೇ ಇಳಿದಿದ್ದೇನೆ.

ನಿನ್ನ ಜೊತೆ ಒಂದೇ ಬಕೆಟ್ಟಿನ ಬಿಸಿನೀರು ಹಂಚಿಕೊಂಡವಳು,
ಜಯಾ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ನನ್ನ ಮಾತು ನಡೆಯುವುದಿಲ್ಲ ಅಂದೆನಲ್ಲ, ಅದು ತಾಯಿ ಅನ್ನುವ ಕಾರಣಕ್ಕಲ್ಲ. ಸಮಿತಿ ನನ್ನನ್ನು ಸೆಪ್ಟೆಂಬರಿನಲ್ಲೇ ಕೇಳಿತ್ತು. ಅದ್ವಿಕಾಳನ್ನು ಹೊರಗೆ ಕೂರಿಸಿದ್ದರು. ಪಕ್ಕದಲ್ಲಿ ಅನಂತರಾಮ್ ಇದ್ದರು. ನಿಮ್ಮ ಮಗಳು ಫೋನಿನಲ್ಲಿ ಮಯಂಕ್ ಬೇಡ ಅಂದಳಾ ಅಂತ ಆ ಚೀನೀ ಹೆಂಗಸು ಕೇಳಿದಳು. ಹೌದು ಅಂದರೆ, ಕೇಳಿಸಿಕೊಂಡ ಮೇಲೂ ಆ ವಾಯ್ಸ್ ನೋಟ್ ಕಳಿಸಿದ್ದು ನಾನು ಅಂತ ಅವರ ಮುಂದೆ ಒಪ್ಪಿಕೊಂಡ ಹಾಗೆ. ಪೂಜೆಯ ಗದ್ದಲ, ನೆನಪಿಲ್ಲ ಅಂದೆ. ಸಹಿ ಹಾಕಿದೆ. ತಿದ್ದಿಕೊಡಬಹುದಂತೆ. ಫಾರಂ ತಂದಿಟ್ಟು ಎರಡು ವಾರ ಆಯಿತು. ಹೆಸರು ತುಂಬಿದ್ದೇನೆ, ಅದರ ಕೆಳಗೆ ಕೈ ಹೋಗುತ್ತಿಲ್ಲ.

ನಿನ್ನನ್ನು ಅವರು ಕೇಳಿಯೇ ಇಲ್ಲ, ನನಗೆ ಗೊತ್ತು. ಫೋನ್ ಕರೆ ಕೇಳಿಸಿಕೊಂಡಿರಬಹುದಾದವರು ಅದನ್ನು ದೃಢಪಡಿಸಲಿಲ್ಲ ಅಂತ ಮಾತ್ರ ತೀರ್ಪಿನಲ್ಲಿದೆ, ಹೆಸರಿಲ್ಲ. ಅದ್ವಿಕಾ ಆ ಸಾಲನ್ನು ಎರಡು ಸಲ ಓದಿ, ಎಷ್ಟೋ ದಿನದ ಮೇಲೆ ಕನ್ನಡದಲ್ಲಿ, ಯಾರಮ್ಮ ಕೇಳಿಸಲಿಲ್ಲ ಅಂದಿದ್ದು ಅಂತ ಕೇಳಿದಳು. ಇಂದು ಆಂಟಿ ಅಂದೆ. ನಂಬಿದಳು.