ದಾಳಿಂಬೆಯ ಬುಡದ ನೀರು

ಮನೆ
ಮಾರ್ಚ್ 9, ಭಾನುವಾರ

ಪ್ರೀತಿಯ ನಿಮಗೆ,

ಬೆನ್ನುನೋವು ಹೇಗಿದೆ? ಕೆಲಸದ ಗಡಿಬಿಡಿಯಲ್ಲಿ ಊಟ ತಪ್ಪಿಸಬೇಡಿ. ಇಲ್ಲಿ ಅತ್ತೆಯೂ ಮಗಳೂ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ. ಬೆರಳಿನ ವಾಸನೆ ಮೂಗಿಗೆ ಬಡಿದು ಕೈ ನಿಂತಿತು. ಎಷ್ಟು ಸೋಪು ಉಜ್ಜಿದರೂ ಹೋಗುತ್ತಿಲ್ಲ.

ಹಿತ್ತಿಲಿನ ಸಂಗತಿ ನಿಮಗೆ ಗೊತ್ತೇ ಇದೆ. ಮಳೆಗಾಲ ಮುಗಿದು ಎಷ್ಟೋ ದಿನವಾದರೂ ದಾಳಿಂಬೆಯ ಬುಡ ಕೆಸರು ಕೆಸರು. ಕಾಲಿಟ್ಟರೆ ಪಚಕ್ಕೆಂದು ಕಪ್ಪು ನೀರು. ನಾನೇ ಅತಿಯಾಗಿ ನೀರು ಸುರಿಯುತ್ತೇನೆಂದು ಅತ್ತೆ ದೂರಿದರು. ಪಕ್ಕದ ಮನೆಯಿಂದ ನಿಮ್ಮಣ್ಣ ಬೇಲಿಯ ಮೇಲೆ ಇಣುಕಿ, "ಇಂಗ್ಲಿಷ್ ಸ್ಕೂಲಲ್ಲಿ ಕಲ್ತೋರು ಗಿಡಕ್ಕೂ ಈಜು ಕಲಿಸ್ತಾರೇನಮ್ಮಾ?" ಎಂದು ನಕ್ಕರು. ನೀವೂ ಫೋನಿನಲ್ಲಿ, "ಸ್ವಲ್ಪ ಕೈಹಿಡಿದು ಹಾಕೇ" ಎಂದಿರಿ. ಇಷ್ಟು ಜನ ಹೇಳುವಾಗ ತಪ್ಪು ನನ್ನದೇ ಇರಬಹುದು ಅನ್ನಿಸಿ ನೀರು ಹಾಕುವುದನ್ನೇ ಬಿಟ್ಟೆ. ಕೆಸರು ಹೆಚ್ಚಿತು.

ನಿನ್ನೆ ಗುದ್ದಲಿ ಹಿಡಿದೆ. ಗಿಡದಿಂದ ರಸ್ತೆಯ ಮೋರಿಯವರೆಗೆ ಇಳಿಜಾರಾಗಿ ಕಾಲುವೆ ತೋಡಿ, ಜಲ್ಲಿ ತುಂಬಿ, ನೀರನ್ನು ಹರಿಸಿಬಿಡೋಣ ಎಂದು. ಮೊಣಕಾಲಿನಷ್ಟು ಆಳ ತೋಡುವಷ್ಟರಲ್ಲಿ ಒಂದು ಪೈಪು ತಗುಲಿತು. ಬೇಲಿಯಡಿಯಿಂದ ಬಂದು ದಾಳಿಂಬೆಯ ಬುಡದಲ್ಲಿ ಬಾಯಿ ಬಿಟ್ಟುಕೊಂಡಿದೆ. ನೋಡನೋಡುತ್ತಿದ್ದಂತೆ ಗುಳುಗುಳು ನೊರೆ, ಅದರ ಹಿಂದೆ ಎಣ್ಣೆಯ ಜಿಡ್ಡು, ತರಕಾರಿ ಸಿಪ್ಪೆ, ತಲೆಕೂದಲ ಉಂಡೆ. ನಿಮ್ಮಣ್ಣನ ಅಡುಗೆಮನೆ, ಬಚ್ಚಲು ಎರಡೂ ನನ್ನ ಗಿಡದ ಬೇರಿಗೆ ಬೀಳುತ್ತಿವೆ. ಬೇರು ಮುಟ್ಟಿದರೆ ಲೋಳೆಯಾಗಿ ಕೈಗೆ ಬಂತು. ಅಲ್ಲೇ ಕೂತು ವಾಂತಿ ಮಾಡಿಕೊಂಡೆ.

ಹೇಸಿಗೆ ಆ ನೀರಿನದಷ್ಟೇ ಅಲ್ಲ. ನೀರು ಎಲ್ಲಿಯದೆಂದು ಗೊತ್ತಿದ್ದೂ ಬೇಲಿಗೆ ಕೈಯೂರಿ ನಗಲು ಎಂಥ ಮುಖ ಬೇಕು? ನಾನೇ ಅತಿಯಾಗಿ ಆಡುತ್ತಿದ್ದೇನೆಯೇ ಎಂದು ಕೇಳಿಕೊಂಡೆ. ಈ ಸಲ ಇಲ್ಲ ಅನ್ನಿಸಿತು.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಮಗಳು ಮುತ್ತು ಕಳಿಸಿದ್ದಾಳೆ. ಮೈ ನೋಡಿಕೊಳ್ಳಿ.

ನಿಮ್ಮ ಮನೆಯಾಕೆ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಪೈಪಿನ ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ತುದಿಯನ್ನು ಮಡಿಸಿ ಒಳಕ್ಕೆ ಸಿಕ್ಕಿಸಿದ್ದು ಕಂಡೆ. ನಮ್ಮ ಮನೆಯ ನಲ್ಲಿಗಳಿಗೆಲ್ಲ ನೀವು ಕಟ್ಟಿರುವುದೂ ಹೀಗೆಯೇ. ನಿಮ್ಮಣ್ಣನಿಗೆ ಶೂ ಲೇಸು ಕಟ್ಟಲೂ ಬರುವುದಿಲ್ಲ. ನಾನು ಅಮ್ಮನ ಆರೈಕೆಗೆ ಹೋಗಿದ್ದಾಗ ನೀವೇ ಹಾಕಿಕೊಟ್ಟಿರಬೇಕು. ಇವತ್ತು ಬೆಳಿಗ್ಗೆ ನಾನು ಆ ಪೈಪಿನ ಬಾಯಿಗೆ ಸಿಮೆಂಟು ಮೆತ್ತಿದೆ. ಈ ಕಾಗದ ತಲುಪುವ ಮೊದಲೇ ನಿಮಗೆ ಅವರ ಫೋನು ಬಂದಿರುತ್ತದೆ. ನನಗೆ ಫೋನು ಮಾಡಬೇಡಿ. ಬಂದು, ಆ ಗುಂಡಿಯ ಪಕ್ಕ ನಿಂತು, ಪೈಪು ಹಾಕಿದ್ದು ಯಾರೆಂದು ಅತ್ತೆಯ ಮುಂದೆ ಹೇಳಿ. ಅಲ್ಲಿಯವರೆಗೆ ಅದನ್ನು ಮುಚ್ಚುವುದಿಲ್ಲ.